ಹಿಗ್ಗಿದಾಗ ಬಿಟ್ಟ ಸಂದು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹೊಸ ವಿಮಾನ ಕಟ್ಟಲು ಹೊರಟಿರುವ ಯುವ ಇಂಜಿನಿಯರುಗಳೇ, ಹೊಟ್ಟೆ ಹಸಿದರೂ ಕದಲದೆ ಕುಳಿತಿರುವ ಸಭಿಕರೇ,

ನನ್ನ ಮಾತು ಮುಗಿದ ಮೇಲೆ ಹಳೆಯ ವಿಮಾನದ ಕಡೆಯಿಂದ ನನಗೊಂದು ಅಚ್ಚರಿ ಇದೆಯಂತೆ. ಅಗೋ, ತಟ್ಟೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದಾರೆ. ಅದಕ್ಕಾದರೂ ಬೇಗ ಮುಗಿಸುತ್ತೇನೆ.

ಜನರನ್ನು ಕೂರಿಸಿಕೊಂಡು ಶಬ್ದಕ್ಕಿಂತ ವೇಗವಾಗಿ ಹಾರುವ ಕಾಲ ಮತ್ತೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. ಯಾಕೆ ಬರಬಾರದು? ನಾನು ಹಾಗೆ ಹಾರುತ್ತಿದ್ದ ಆ ಹಳೆಯ ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ ಆಗಿದ್ದವನು. ಹಗಲಲ್ಲೇ ಆಕಾಶ ಕಪ್ಪಾಗುವುದನ್ನು ಕಂಡವನು. ಮುಳುಗಿದ ಸೂರ್ಯನನ್ನು ಬೆನ್ನಟ್ಟಿ ಮತ್ತೆ ಮೇಲೆಬ್ಬಿಸುತ್ತಿದ್ದೆವು. ಹೊರಟ ಗಂಟೆಗಿಂತ ಮುಂಚಿನ ಗಂಟೆಗೇ ಹೋಗಿ ಇಳಿಯುತ್ತಿದ್ದೆವು. "ಅಷ್ಟು ಬೇಗ ಬಂದವರು ದಾರಿಯಲ್ಲಿ ಹಾಲು ತರಬಹುದಿತ್ತಲ್ಲ" ಅನ್ನುತ್ತಿದ್ದಳು ನನ್ನಾಕೆ. ಇಲ್ಲೇ ಮೊದಲ ಸಾಲಿನಲ್ಲಿದ್ದಾಳೆ, ಬೇಕಾದರೆ ಕೇಳಿ.

ಆ ವೇಗಕ್ಕೆ ಮೈ ಕಾದು ವಿಮಾನ ಒಂದು ಗೇಣಿನಷ್ಟು ಹೆಚ್ಚು ಉದ್ದವಾಗುತ್ತಿತ್ತು. ನಾವು 'ಹಿಗ್ಗಿತು' ಅನ್ನುತ್ತಿದ್ದೆವು. ನನ್ನ ಮೀಟರುಗಳ ಫಲಕಕ್ಕೂ ಪಕ್ಕದ ಗೋಡೆಗೂ ನಡುವೆ ಅಂಗೈ ತೂರುವಷ್ಟು ಸಂದು ಬಿಡುತ್ತಿತ್ತು. ಇಳಿಯುವಾಗ ತಣಿದು ಕುಗ್ಗಿದರೆ ಸಂದು ಮಾಯ. ನಮ್ಮ ಭಾಷೆ ನೋಡಿ, ಲೋಹಕ್ಕೂ ಮನಸ್ಸಿಗೂ ಅದೇ ಹಿಗ್ಗು, ಅದೇ ಕುಗ್ಗು. ನನ್ನ ಮಗಳಿಗೆ ಅದೇ ತಮಾಷೆ. "ಅಪ್ಪಾ, ನಿನ್ನ ವಿಮಾನ ಇವತ್ತು ಹಿಗ್ಗಿತಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದಳು.

ಕೇಳುತ್ತಿದ್ದಳು. ಏಳು ವರ್ಷದವಳು. ಜ್ವರ ನೆತ್ತಿಗೇರಿತು. ನಾನು ಸಾಗರದ ಆಚೆ ದಡದಲ್ಲಿದ್ದೆ. ಲೋಕದಲ್ಲೇ ವೇಗದ ವಿಮಾನದಲ್ಲಿ ಬಂದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ನನ್ನಾಕೆ, "ಓಡಬೇಡಿ, ಇನ್ನೇನು ಅವಸರ" ಅಂದಳು. ಇದನ್ನು ಹೇಳಬೇಕೆಂದು ಬಂದವನಲ್ಲ. ಕ್ಷಮಿಸಿ.

ಮಗಳ ಕೆಂಪು ಉಣ್ಣೆಯ ಟೊಪ್ಪಿ ಉಳಿಯಿತು. ನನ್ನಾಕೆ ಅದನ್ನೇ ಮೂಸುತ್ತ ಕೂತುಬಿಟ್ಟಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಆ ವಿಮಾನದ ಕೊನೆಯ ಹಾರಾಟಕ್ಕೆ ಹೊರಟಾಗ ತಾನೇ ಟೊಪ್ಪಿಯನ್ನು ನನ್ನ ಕೈಗಿಟ್ಟಳು. "ಹಿಗ್ಗಿದಾಗ ಆ ಸಂದಿಗೆ ಹಾಕಿಬಿಡಿ. ನಾನು ಕಾಲು ಹಿಡಿದು ಬೇಡಿದರೂ ತೆಗೆಯೋಕೆ ಆಗಬಾರದು." ಹಾಕಿದೆ. ಇಳಿದೆವು. ವಿಮಾನ ಕುಗ್ಗಿ ಅದನ್ನು ಕಚ್ಚಿಕೊಂಡಿತು. ಮತ್ತೆ ಅದು ಹಾರಲಿಲ್ಲ, ಆ ಸಂದು ತೆರೆಯಲಿಲ್ಲ. ನನ್ನಾಕೆ ಮೆಲ್ಲಗೆ ಉಣ್ಣತೊಡಗಿದಳು.

ಇರಲಿ, ವಿಷಯಕ್ಕೆ ಬರುತ್ತೇನೆ. ನಿಮ್ಮ ಹೊಸ ವಿಮಾನ ಹಾಗೆ ಹಿಗ್ಗುವುದಿಲ್ಲವಂತೆ. ಒಳ್ಳೆಯದೇ. ಅದು ಹಾರಲಿ. ಬೇಗ ತಲುಪುವ ಆಸೆ ಮನುಷ್ಯನಿಗೆ ಎಂದೂ ತೀರುವುದಿಲ್ಲ, ಆ ಕಡೆ ಯಾರೋ ಕಾಯುತ್ತಿರುತ್ತಾರಲ್ಲ.

ಅಧ್ಯಕ್ಷರೇ, ಟೊಪ್ಪಿ ಅಂದಾಗಿನಿಂದ ನೀವು ಯಾಕೆ ತಟ್ಟೆಯನ್ನೇ ನೋಡುತ್ತಿದ್ದೀರಿ?

ಅದನ್ನು ಹೊರತೆಗೆಯಲು ಫಲಕವನ್ನೇ ಕತ್ತರಿಸಿದಿರಾ?

ನಿಮ್ಮ ಮನಸ್ಸು ಒಳ್ಳೆಯದು, ನನಗೆ ಗೊತ್ತು. ನಮಗೆ ಸಂತೋಷವಾಗಲಿ ಎಂದೇ ಮಾಡಿದ್ದೀರಿ. ಬಟ್ಟೆ ಮಾತ್ರ ಸರಿಸಬೇಡಿ. ದಯವಿಟ್ಟು ಒಳಗೆ ತೆಗೆದುಕೊಂಡು ಹೋಗಿ.

ಬೇಡ, ಇನ್ನು ಪ್ರಯೋಜನವಿಲ್ಲ. ನನ್ನಾಕೆ ಎದ್ದಿದ್ದಾಳೆ. ಮೆಟ್ಟಿಲು ಹತ್ತುತ್ತಿದ್ದಾಳೆ, ಅವಳಿಗೆ ದಾರಿ ಬಿಡಿ. ನಾನು ಮೈಕು ಬಿಟ್ಟು ಓಡಿದರೂ ಅವಳಿಗಿಂತ ಮೊದಲು ಆ ತಟ್ಟೆ ಮುಟ್ಟಲಾರೆ. ಕರೆದು ಗೌರವಿಸಿದ ನಿಮಗೆಲ್ಲ ವಂದನೆ. ನಮಸ್ಕಾರ.