ಮುಂದಿನ ಸಾಲಿನ ನಡುವಿನ ಸೀಟು

ಹ್ಯಾರಿಸನ್ ಊರಿನ ಲಾಂಡ್ರಿಯಲ್ಲಿ ನಾನು ಮೊಮ್ಮಗಳ ಬಟ್ಟೆ ಮಡಿಸುತ್ತಿದ್ದೆ. ಪಕ್ಕದ ಮೇಜಿನಲ್ಲಿ ಅಕ್ಕ ತಮ್ಮ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ತಮ್ಮ, ಎರಡು ಸಾವಿರನೇ ಇಸವಿಗೆ ಕಂಪ್ಯೂಟರ್‌ಗಳನ್ನು ಸಜ್ಜುಮಾಡುವ ವೈಟುಕೆ ಕೆಲಸ ಬಿಟ್ಟು, ಹಳೆಯ ಕಾರಿಗೆ ಭಾರಿ ಇಂಜಿನ್ ಕೂರಿಸಿ ಓಡಿಸುವ ಹಾಟ್‌ರಾಡ್ ಹುಡುಗರ ಸಿನಿಮಾ ಮಾಡಿದ್ದನಂತೆ.

"ಎಡಿಟಿಂಗ್ ಮುಗೀತಾ ಓಂಕಾರ್?"

"ಮುಗೀತು ಅಕ್ಕ. ಅಪ್ಪನನ್ನು ಪೂರ್ತಿ ತೆಗೆದೆ."

"ಎಂತದು? ಮೋಟೆಲ್ ಕೆಲಸ ಬಿಟ್ಟು ಪ್ರತಿ ವೀಕೆಂಡ್ ಬಂದು ಆ್ಯಕ್ಟ್ ಮಾಡಿದ್ರಲ್ಲ ಮಾರಾಯ!"

"ಅವರು ಸಾಯುವ ಸೀನಿಗೆ ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಕಾರು ಒರೆಸುವ ಕೈ ಮಾತ್ರ ಇಟ್ಟಿದ್ದೇನೆ."

"ಅವರಿಗೆ ಹೇಳಿದ್ಯಾ?"

"ಶೋದಲ್ಲಿ ಗೊತ್ತಾಗ್ತದೆ."

"ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಸಿಕ್ಕಿದವರನ್ನೆಲ್ಲ ಅಪ್ಪ ಶೋಗೆ ಕರೀತಿದ್ದಾರೆ. ಹೊಸ ಸೂಟ್ ಬೇರೆ."

"ಒಳ್ಳೇದಾಯ್ತು. ಹಾಲ್ ತುಂಬ್ತದೆ."

ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು.

"ಅಪ್ಪನಿಗೆ ಇನ್ವಿಟೇಶನ್. ನೀನೇ ಕೈಯಾರೆ ಕೊಡ್ತೀಯ ಅಂತ ಇಷ್ಟು ದಿನ ಪೋಸ್ಟ್ ಮಾಡ್ಲಿಲ್ಲ. ಈಗ ಮೊದಲು ಅವರಿಗೆ ನಿಜ ಹೇಳು."

"ಕೊಡಿಲ್ಲಿ. ಮುಂದಿನ ಸಾಲು, ನಡುವಿನ ಸೀಟು. ಎಲ್ಲರಿಗೂ ಕಾಣ್ಬೇಕಲ್ಲ ಹೀರೋ!"

ಅವನು ನಗುತ್ತ ಹೊರಗೆ ಹೋಗಿ ಅದನ್ನು ಅಂಚೆಡಬ್ಬಿಗೆ ಹಾಕಿದ. ಅಕ್ಕ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿಂದೆ ನಡೆದಳು. ಲಕೋಟೆ ಒಳಗೆ ಬೀಳದೆ ಎಲ್ಲಿಯಾದರೂ ಸಿಕ್ಕಿಕೊಂಡಿದೆಯೇನೋ ಎಂದು ಅವನು ಡಬ್ಬಿಯ ಮುಚ್ಚಳ ತೆರೆದು ಇನ್ನೊಮ್ಮೆ ನೋಡಿದ.