ಉಡಿ ತುಂಬಿ ಕಳಿಸಿದ ಕೆಲಸ

ಒಂದೂರು. ಆ ಊರಿಗೊಬ್ಬ ಶ್ರೀಮಂತ. ಹೆಸರು ಕೇಳಬೇಡಿ; ಹೇಳಿದರೆ ಪ್ರವಚನಕ್ಕೆ ಬಂದ ನಿಮ್ಮಲ್ಲೇ ನಾಲ್ಕು ಜನ ‘ನಾನಲ್ಲ’ ಎಂದು ಎದ್ದು ನಿಲ್ಲುತ್ತೀರಿ.

ಅವನದು ಖಡಕ್ ರೊಟ್ಟಿಯ ಕಾರ್ಖಾನೆ. ಕೆಟ್ಟವನೇ? ಅಲ್ಲ. ನೋಡಿ, ಕೆಟ್ಟವನಾಗಿದ್ದರೆ ಈ ಕಥೆ ನಮಗೆ ಎಷ್ಟು ಅನುಕೂಲವಾಗಿರುತ್ತಿತ್ತು! ಮಠದ ದಾಸೋಹಕ್ಕೆ ಗಾಡಿ ತುಂಬ ರೊಟ್ಟಿ ಕಳಿಸುವವನು. ನಿಮ್ಮಂಥವನೇ.

ಅಲ್ಲಿ ಫಕೀರವ್ವ ಎಂಬಾಕೆ ವರ್ಷಾನುಗಟ್ಟಲೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಕೆಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಆಯಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ: ವಾಸಿಯಾಗುವ ಕಾಲ ಮೀರಿದೆ, ಇರುವಷ್ಟು ದಿನ ನೋವು ತಡೆಯಬಹುದು. ಆಕೆಯೂ ಮುಚ್ಚುಮರೆ ಮಾಡಲಿಲ್ಲ. ನೇರ ಮಾಲೀಕನ ಬಳಿ ಹೋದಳು.

“ಸಾವ್ಕಾರ್ರ, ಒಲಿ ಮುಂದ ಇನ್ನ ನನ್ನ ಕೈಲೆ ಆಗಂಗಿಲ್ರಿ. ಪಾಕೀಟು ಕಟ್ಟೂದು ಕೊಡ್ರಿ. ಕುಂತು ಮಾಡ್ತೀನಿ.”

ಕೇಳಿದ್ದು ಇಷ್ಟೇ. ಮಾಲೀಕನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದ, ಕಿಟಕಿಗೆ ಬಂದ, ಮತ್ತೆ ಬಾಗಿಲಿಗೆ ಹೋದ. ‘ಇರು’ ಎಂದರೆ ಗಿರಾಕಿಗಳು ಏನಂದಾರು? ಈ ರೋಗ ರೊಟ್ಟಿಗೆ ಅಂಟುವುದಿಲ್ಲ ಎಂದು ಅವನಿಗೆ ಗೊತ್ತು, ಗಿರಾಕಿಗೆ ಗೊತ್ತಿರಬೇಕಲ್ಲ! ‘ಹೋಗು’ ಎಂದರೆ ಊರು ಏನಂದೀತು? ಸಾಯುವವಳನ್ನು ಹೊರಗೆ ಹಾಕಿದ ಎನ್ನುವುದಿಲ್ಲವೇ?

ಆಗ ಅವನಿಗೊಂದು ಉಪಾಯ ಹೊಳೆಯಿತು. ನಮ್ಮ ನಾಡಿನಲ್ಲಿ ಯಾರಿಂದಾದರೂ ಜಾಗ ಬಿಡಿಸಬೇಕಾದರೆ ಕುತ್ತಿಗೆ ಹಿಡಿದು ದಬ್ಬಬೇಕಾಗಿಲ್ಲ. ಆ ಕುತ್ತಿಗೆಗೆ ಹಾರ ಹಾಕಿದರಾಯಿತು.

ಶುಕ್ರವಾರ ಕಾರ್ಖಾನೆಯಲ್ಲೇ ಮಣೆ ಹಾಕಿಸಿದ. ಅವನ ಹೆಂಡತಿ ಫಕೀರವ್ವನಿಗೆ ಹಸಿರು ಇಳಕಲ್ ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿ ಉಡಿ ತುಂಬಿದಳು. ಹೆಣ್ಣುಮಕ್ಕಳು ಹಾಡಿದರು. ಮಾಲೀಕನ ಕಣ್ಣಲ್ಲೂ ನೀರು.

“ಇನ್ನ ಮನ್ಯಾಗ ಆರಾಮ ಇರವ್ವಾ. ನೀ ನಮ್ಮನಿ ಮಗಳು.”

“ಖರೇನೇನ್ರಿ?”

“ಖರೇನ ಮತ್ತ!”

ಆಕೆ ಉಡಿಯ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು, ಮಗಳು ತವರಿಗೆ ಬಿಟ್ಟುಹೋಗುವ ಹಾಗೆ, ಅಲ್ಲೇ ಬಿಟ್ಟು ಹೋದಳು. ಎಲ್ಲ ಚೆನ್ನಾಗಿ ಮುಗಿಯಿತು ಎಂದು ಮಾಲೀಕ ಉಸಿರುಬಿಟ್ಟ.

ಮರುದಿನ ಬೆಳಿಗ್ಗೆ ನೋಡುತ್ತಾನೆ, ಹಸಿರು ಸೀರೆ ಉಟ್ಟು ಫಕೀರವ್ವ ಪಾಕೀಟು ಕಟ್ಟುತ್ತ ನೆಲದ ಮೇಲೆ ಕೂತಿದ್ದಾಳೆ!

“ಅಲ್ಲವ್ವಾ, ನಿನ್ನೆನ ಕಳಿಸಿ ಕೊಟ್ಟೀವಲ್ಲ?”

“ಹೌದ್ರಿ ಯಪ್ಪಾ. ಉಡಿ ತುಂಬಿಸ್ಕೊಂಡ ಮಗಳು ತವರಿಗೆ ತಿರುಗಿ ಬರಬಾರದೇನ್ರಿ?”

ಹಿಂದೆ ಒಲೆಗಳ ಮುಂದಿದ್ದವರು ಸೆರಗಿನೊಳಗೆ ನಕ್ಕರು. ಮಾಲೀಕ ತಡವರಿಸಿದ: “ಹಂಗಲ್ಲ... ನಿನ್ನ ಆರಾಮಕ್ಕಂತ...”

“ನನ್ನ ಆರಾಮ ಎದರಾಗ ಐತಿ ಅಂತ ನನ್ನ ಕೇಳಿದ್ರೇನ್ರಿ? ಹಾಜರಿಯಿಂದ ಹೆಸರು ತಗದ್ರ ಕೆಲಸಗಾರ್ರ ದವಾಖಾನಿ ಸವಲತ್ತೂ ಹೋಗ್ತೈತಿ. ಆ ನೋವಿನ ಸೂಜಿ ಇಲ್ದ ನಾ ಹೆಂಗ ತಡಕೊಳ್ಳಲಿ? ಅದೂ ಇರಲಿ. ಮನ್ಯಾಗ ಕುಂತ್ರ ಬಂದವ್ರೆಲ್ಲಾ ನನ್ನ ಹೆಣಾ ನೋಡಾಕ ಬಂದಂಗ ನೋಡ್ತಾರ. ಇಲ್ಲಿ ಇವ್ರು ನನ್ನ ಬೈತಾರ್ರಿ, ಪಾಕೀಟು ಸೊಟ್ಟ ಕಟ್ಟೀದಿ ಅಂತ.”

ಮಾಲೀಕ ಜೊತೆಗೆ ಬಂದಿದ್ದ ಹೆಂಡತಿಯ ಮುಖ ನೋಡಿದ. ಆಕೆ ಅಂದಳು: “ನನ್ನ ಯಾಕ ನೋಡ್ತೀರಿ? ಮಗಳು ಅಂದವ್ರು ನೀವು, ಉಡಿ ತುಂಬಿದಾಕಿ ನಾನು. ಜಡ್ಡಾದ ಮಗಳು ಬಂದ್ರ ನೆಲದ ಮ್ಯಾಲೆ ಕುಂದರಸ್ತೀರೇನು? ಕುರ್ಚಿ ತರ್ರಿ.”

ತಂದ. ಯಾರಿಗೂ ಹೇಳದೆ, ತನ್ನ ಕೋಣೆಯದನ್ನೇ ಹೊತ್ತು ತಂದ. ಫಕೀರವ್ವ ಕೂರಲು ಆಗುವಷ್ಟು ದಿನ ಅದರಲ್ಲಿ ಕೂತಳು. ಆಗದಾದಾಗ ಮನೆಯಲ್ಲಿ ಮಲಗಿದಳು. ಹಾಜರಿಯಿಂದ ಹೆಸರು ಮಾತ್ರ ಕೊನೆಯವರೆಗೂ ಎದ್ದು ಹೋಗಲಿಲ್ಲ. ಗಿರಾಕಿಗಳೇ? ಅವರು ರೊಟ್ಟಿ ತೆಳ್ಳಗಿದೆಯೇ ಎಂದು ನೋಡಿದರು, ಒಯ್ದರು.

ಕಥೆ ಮುಗಿಯಿತು. ಮತ್ತೇಕೆ ಜಮಖಾನೆಯ ಮೇಲೆ ಅತ್ತಿತ್ತ ಸರಿದಾಡುತ್ತಿದ್ದೀರಿ? ಯಾರ ಮುಖ ನೆನಪಾಯಿತು? ಅಂಗಡಿಯ ಗುಮಾಸ್ತನದೇ? ಮನೆಗೆಲಸದಾಕೆಯದೇ? ‘ಆರಾಮ ತಗೋ’ ಎಂದು ನಾವೂ ಹೇಳಿದ್ದೇವಲ್ಲವೇ? ಅದು ಯಾರ ಆರಾಮ? ಅವರದೇ, ನಮ್ಮದೇ? ಸಾವು ಹತ್ತಿರ ಬಂದವನು ಕಣ್ಣೆದುರು ಇದ್ದರೆ ನಮಗೆ ಕಸಿವಿಸಿ. ಆ ಕಸಿವಿಸಿಗೆ ನಾವು ಕರುಣೆ ಎಂದು ಹೆಸರಿಟ್ಟು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ.

ನಾಳೆ ಬಾಗಿಲು ತೆರೆದ ಕೂಡಲೇ ಅವರನ್ನು ಕೇಳಿ: ‘ನಿನಗೆ ಏನು ಬೇಕು? ಎಷ್ಟು ಹೊತ್ತು ಕೆಲಸ ಮಾಡಲು ಆಗುತ್ತದೆ?’ ಬರುತ್ತೇನೆಂದರೆ ಜಾಗ ಕೊಡಿ. ಬರಲಾಗದಿದ್ದರೆ ಹೆಸರು ಅಳಿಸಬೇಡಿ.

ಇನ್ನೊಂದು ಮಾತು. ಮಠಕ್ಕೆ ಕುರ್ಚಿ ಕೊಡುತ್ತೇವೆಂದು, ಹಿಂಬದಿಗೆ ತಮ್ಮ ಹೆಸರು ಬರೆಸುವ ಕರಾರಿನ ಮೇಲೆ, ಇಬ್ಬರು ಭಕ್ತರು ಮುಂದೆ ಬಂದಿದ್ದೀರಂತೆ. ಸಂತೋಷ. ಆದರೆ ಮಠದಲ್ಲಿ ಎಲ್ಲರೂ ನೆಲದ ಮೇಲೇ ಸುಖವಾಗಿದ್ದೇವೆ. ಅವನ್ನು ನಿಮ್ಮ ಅಂಗಡಿಗೇ ಒಯ್ಯಿರಿ. ಯಾರಿಗೆ ಎಂದು ನಿಮಗೆ ಗೊತ್ತು.