ಹುಣಸೆನೀರು ಕುಡಿದ ವಾಲ್ವು

ಕಾರಿನ ಇಜಿಆರ್ ವಾಲ್ವನ್ನು ಮನೆಯಲ್ಲೇ ತೊಳೆಯಬಹುದೇ ಎಂಬ ಲೋಕಕಲ್ಯಾಣದ ಪ್ರಶ್ನೆ 2008ರ ಬೇಸಿಗೆಯಲ್ಲಿ ಸೇಡಂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇತ್ಯರ್ಥವಾಯಿತು. ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳಿಸುವ ಆ ವಾಲ್ವನ್ನು ತೊಳೆದವನು ಅಳಿಯ ಧೀರೇಂದ್ರ. ಕಾರು ಮಾವ ಗುರುರಾಜರದು; ಅದೀಗ ಶುರುವಾಗದೆ ಮನೆ ಮುಂದೆ ನಿಂತಿತ್ತು. ಪಕ್ಕದಲ್ಲಿ ಪೇಪರ್ ಬಿಡಿಸಿ ಕುಳಿತಿದ್ದ ಪ್ರಯಾಣಿಕ ಶಾಂತಕುಮಾರ, ಇವರ ಮಾತಿಗೆ ಕಿವಿಗೊಟ್ಟು, ಬಸ್ಸು ಇನ್ನಷ್ಟು ತಡವಾಗಲಿ ಎಂದು ಜೀವನದಲ್ಲಿ ಮೊದಲ ಸಲ ಹಾರೈಸಿದ.

“ಯಾವುದ್ರಾಗ ತೊಳದ್ರಿ, ಅಳಿಯಂದ್ರೇ?”

“ಹುಣಸಿಹಣ್ಣಿನಾಗ್ರಿ, ಮಾಮಾ. ಮಸಿ ಭಾಳ ಕಟ್ಟಿತ್ತು. ದೇವರ ಸಾಮಾನು ಅದರಾಗೇ ಫಳಫಳ ಆಗ್ತಾವಲ್ರಿ.”

“ದೇವರ ಸಾಮಾನಿಗೆ ಕರೆಂಟಿನ ವೈರ್ ಇರ್ತದೇನು?”

“ರಾತ್ರಿಯೆಲ್ಲಾ ನೆನಸಬಾರದಿತ್ರಿ.”

“ಧನಶ್ರೀನ್ನ ನೋಡಾಕ ಹುಡುಗನ ಮನಿಯವರು ವಾಡಿ ಸ್ಟೇಷನ್ದಾಗ ಇಳಿಯಾಕತ್ತಾರ. ಅವರನ್ನ ಬಸ್ಸಿನಾಗ ನಿಲ್ಲಿಸ್ಕೊಂಡು ತರ್ಲೇನು?”

“ಅಲ್ಲಿಂದ ಟ್ಯಾಕ್ಸಿ ಮಾಡೋಣ್ರಿ.”

“ಮಾಡ್ತೀನಿ. ಆದ್ರ ಅವರ ಮುಂದ ನಿಮ್ಮನ್ನ ಅಳಿಯ ಅನ್ನಂಗಿಲ್ಲ. ನಿಮಗ ಮಗಳು ವಿಜಯಶ್ರೀನ್ನ ಕೊಟ್ಟೀನಿ ಅಂತ ತಿಳದ್ರ ಇನ್ನೊಬ್ಬಾಕಿನ್ನ ಬ್ಯಾಡ ಅಂತಾರ. ಡ್ರೈವರ್ ಅಂತೀನಿ.”

“ಗಾಡಿನೇ ಇಲ್ಲಲ್ರಿ.”

“ಅದೂ ಖರೇನೇ. ಹಂಗಾದ್ರ ಬ್ಯಾಗ್ ಹೊರಾಂವ ಅಂತೀನಿ.”

ಧೀರೇಂದ್ರ ತನ್ನ ಉಗುರಿನ ಸಂದಿಯ ಮಸಿಯನ್ನು ನೋಡಿಕೊಂಡ.

“ವಿಜಯಶ್ರೀಗೆ ಈ ಮಾತು ಹೇಳಬ್ಯಾಡ್ರಿ, ಮಾಮಾ.”

“ಡ್ರೈವರ್ ಅನ್ರಿ ಅಂತ ಹೇಳಿ ಕಳ್ಸಿದಾಕಿ ಆಕಿನೇ.”

ವಾಡಿ ಬಸ್ಸು ಬಂತು. ಒಂದೇ ಸೀಟು ಖಾಲಿಯಿತ್ತು. ಗುರುರಾಜರು ಕೈಚೀಲವನ್ನು ಅಳಿಯನಿಗೆ ಕೊಟ್ಟು ಕುಳಿತರು. ಬಸ್ಸು ಹೊರಟಾಗ ಧೀರೇಂದ್ರ ಆ ಚೀಲ ಹಿಡಿದು ನಿಂತಿದ್ದ.